ತಾರಾ ಹೋಟೆಲಿನ ಬಿಲ್ಲು, ಮನೆಯಡುಗೆಯ ಲೆಕ್ಕ

2019ರ ಜುಲೈನಲ್ಲಿ ಚಂಡೀಗಢದ ಐಷಾರಾಮಿ ಹೋಟೆಲೊಂದರಲ್ಲಿ ತಂಗಿದ್ದ ಹಿಂದಿ ಚಿತ್ರನಟ ರಾಹುಲ್ ಬೋಸ್ ಎರಡು ಬಾಳೆಹಣ್ಣು ತರಿಸಿಕೊಂಡಿದ್ದರು. ಬಂದ ಬಿಲ್ಲು 442 ರೂಪಾಯಿ 50 ಪೈಸೆ. ಅದನ್ನು ಅವರು ಟ್ವಿಟರಿನಲ್ಲಿ ಬಹಿರಂಗಪಡಿಸಿದ ಮೇಲೆ ದೇಶ ಕೆಲವು ದಿನ ನಕ್ಕಿತು. ಅಲ್ಲಿನ ಅಬಕಾರಿ ಮತ್ತು ತೆರಿಗೆ ಇಲಾಖೆ ಮಾತ್ರ ನಗಲಿಲ್ಲ. ಹೋಟೆಲಿಗೆ 25 ಸಾವಿರ ರೂಪಾಯಿ ದಂಡ ವಿಧಿಸಿತು. ಆದರೆ ಆ ದಂಡ ಬಾಳೆಹಣ್ಣಿಗೆ 375 ರೂಪಾಯಿ ಪಡೆದುದಕ್ಕಲ್ಲ, ತಾಜಾ ಹಣ್ಣಿಗೆ ಅನ್ವಯಿಸದ ಶೇ 18ರ ತೆರಿಗೆಯನ್ನು ವಸೂಲು ಮಾಡಿದುದಕ್ಕೆ. ಬೆಲೆಯ ಬಗ್ಗೆ ಕಾನೂನಿನ ತಕರಾರು ಇರಲೇ ಇಲ್ಲ.

ತಕರಾರು ಇರಲು ಸಾಧ್ಯವೂ ಇಲ್ಲ ಎಂಬುದು ಅದಕ್ಕೂ ಮೊದಲೇ ಇತ್ಯರ್ಥವಾಗಿತ್ತು. ಹೋಟೆಲುಗಳು ನೀರಿನ ಬಾಟಲಿಯನ್ನು ಗರಿಷ್ಠ ಚಿಲ್ಲರೆ ಬೆಲೆಗಿಂತ ಹೆಚ್ಚಿಗೆ ಮಾರಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಮಾರಬಹುದು ಎಂದೇ ಉತ್ತರಿಸಿದೆ. ಗ್ರಾಹಕ ಅಲ್ಲಿಗೆ ಹೋಗುವುದು ಕೇವಲ ನೀರು ಕೊಳ್ಳಲಲ್ಲ, ಕುರ್ಚಿ, ತಂಪು ಗಾಳಿ, ಪರಿಚಾರಕನ ಸೇವೆ ಎಲ್ಲವೂ ಆ ಬೆಲೆಯೊಳಗಿವೆ ಎಂಬುದು ಅದರ ತಾತ್ಪರ್ಯ. ಅಂದರೆ ತಾರಾ ಹೋಟೆಲಿನಲ್ಲಿ ಮಾರಾಟವಾಗುವುದು ಊಟಕ್ಕಿಂತ ಮಿಗಿಲಾಗಿ ಊಟದ ಸುತ್ತಲಿನ ಜಗತ್ತು.

ತೆರಿಗೆ ವ್ಯವಸ್ಥೆಯೂ ಇದೇ ಹಾದಿಯಲ್ಲಿ ಸಾಗಿದೆ. ಸಾಮಾನ್ಯ ರೆಸ್ಟೋರೆಂಟಿನ ಊಟಕ್ಕೆ ಶೇ 5ರ ಜಿಎಸ್‌ಟಿ. ಅದೇ ಊಟವನ್ನು, ಹಿಂದಿನ ಹಣಕಾಸು ವರ್ಷದಲ್ಲಿ ಕೋಣೆಯೊಂದಕ್ಕೆ ದಿನಕ್ಕೆ 7,500 ರೂಪಾಯಿ ಮೀರಿ ಬಾಡಿಗೆ ಪಡೆದ ಹೋಟೆಲಿನೊಳಗೆ ಉಂಡರೆ ಶೇ 18. 2025ರ ಏಪ್ರಿಲ್ 1ರಿಂದ ಜಾರಿಯಾದ ಪರಿಷ್ಕೃತ ನಿಯಮ ಇದು. ಉಣ್ಣುವವನು ಆ ಹೋಟೆಲಿನಲ್ಲಿ ತಂಗಿರಲೇಬೇಕೆಂದಿಲ್ಲ. ಮೇಲಿನ ಅಂತಸ್ತಿನಲ್ಲಿ ಯಾರೋ ಮಲಗಿದ ಮಂಚದ ಬಾಡಿಗೆ ಕೆಳಗಿನ ಅಂತಸ್ತಿನಲ್ಲಿ ಉಣ್ಣುವವನ ಅನ್ನ-ಸಾರಿನ ತೆರಿಗೆಯನ್ನು ನಿರ್ಧರಿಸುತ್ತದೆ! ಇನ್ನು ಬಿಲ್ಲಿಗೆ ತಾನಾಗಿಯೇ ಸೇರಿಕೊಳ್ಳುತ್ತಿದ್ದ ಸೇವಾ ಶುಲ್ಕವನ್ನು ಕಡ್ಡಾಯಗೊಳಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು. ಬೆಲೆ ಹೋಟೆಲಿನ ಇಷ್ಟ, ಶುಲ್ಕ ಗ್ರಾಹಕನ ಇಷ್ಟ ಎಂಬಲ್ಲಿಗೆ ಆ ವಿವಾದ ಬಂದು ನಿಂತಿತು.

ಇಷ್ಟೆಲ್ಲ ತೆತ್ತು ತರಿಸಿಕೊಳ್ಳುವ ತಟ್ಟೆಯಲ್ಲಿ ಇರುವುದೇನು? ಒಂದು ಕಾಲದಲ್ಲಿ ಇಂಥ ಹೋಟೆಲುಗಳ ಘನತೆ ಇದ್ದದ್ದು ಪಾಶ್ಚಾತ್ಯ ಖಾದ್ಯಗಳಲ್ಲಿ. ಭಾರತೀಯ ಅಡುಗೆ ಎಂದರೆ ಮೊಗಲಾಯಿ ಎಂದೇ ಅರ್ಥ. ಮನೆಯ ಹುಳಿ, ಪಲ್ಯ, ಗೊಜ್ಜುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈ ಧೋರಣೆ ಬದಲಾದುದಕ್ಕೆ ಬೆಂಗಳೂರಿನಲ್ಲೇ ಒಳ್ಳೆಯ ನಿದರ್ಶನವಿದೆ. ರೆಸಿಡೆನ್ಸಿ ರಸ್ತೆಯಲ್ಲಿ ತಾಜ್ ಸಮೂಹದ ಹೋಟೆಲಿನಲ್ಲಿ 1990ರಲ್ಲಿ ಆರಂಭವಾದ ‘ಕರಾವಳಿ’ ರೆಸ್ಟೋರೆಂಟ್, ಗೋವಾದಿಂದ ಕೇರಳದವರೆಗಿನ ತೀರಪ್ರದೇಶದ ಮನೆಗಳ ಅಡುಗೆಯನ್ನೇ ತನ್ನ ಬಂಡವಾಳವಾಗಿಸಿಕೊಂಡಿತು. ಬಾಣಸಿಗರು ಮನೆಮನೆಗೆ ಹೋಗಿ ಗೃಹಿಣಿಯರಿಂದ ಪಾಕ ಕಲಿತು ಬಂದರು. ಮಂಗಳೂರು, ಕೊಡಗುಗಳ ಒಲೆಯ ಮುಂದಿನ ವಿದ್ಯೆ ಅಚ್ಚಾದ ಮೆನುವಿಗೆ ಏರಿತು. ನಂತರದ ವರ್ಷಗಳಲ್ಲಿ ‘ಮನೆಯೂಟ’, ‘ಅಜ್ಜಿಯ ಕೈರುಚಿ’ ಎಂಬ ಮಾತುಗಳೇ ಉದ್ಯಮದ ಜಾಹೀರಾತಾದವು. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ರಾಗಿ, ನವಣೆ, ಸಾಮೆಗಳೂ ಬೆಳ್ಳಿಯ ಬಟ್ಟಲು ಕಂಡವು.

ರಾಗಿಯ ಲೆಕ್ಕ ಹಾಕಿದರೆ ಅಂತರ ಸ್ಪಷ್ಟವಾಗುತ್ತದೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕಿಲೋಗೆ 49 ರೂಪಾಯಿಗೂ ಕಡಿಮೆ. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಎಂದಿಟ್ಟುಕೊಂಡರೂ ರೈತನಿಗೆ ಸಲ್ಲುವುದು ಐದು ರೂಪಾಯಿಯೊಳಗೆ. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಆರಂಭವಾದಾಗ ಇಡೀ ಊಟಕ್ಕೆ ಗೊತ್ತುಪಡಿಸಿದ ದರ ಹತ್ತು ರೂಪಾಯಿ. ಉಳಿದುದನ್ನು ಸರ್ಕಾರ ಭರಿಸುತ್ತಿತ್ತು. ತಾರಾ ಹೋಟೆಲಿನಲ್ಲಿ ಆ ಉಳಿದುದನ್ನೆಲ್ಲ ಉಣ್ಣುವವನೇ ತೆರುತ್ತಾನೆ. ಬಾಣಸಿಗನ ಸಂಬಳ, ಪಾತ್ರೆ ತೊಳೆಯುವವನ ಕೂಲಿ, ವಿದ್ಯುತ್ತು, ನೆಲದ ಬಾಡಿಗೆ, ಮಾಲೀಕನ ಲಾಭ ಪ್ರತಿಯೊಂದಕ್ಕೂ ಅಲ್ಲಿ ಲೆಕ್ಕವುಂಟು.

ಮನೆಯೂಟ ಅಗ್ಗ ಎನ್ನುವವರು ಬಹುಮಟ್ಟಿಗೆ ಮರೆಯುವುದು ಈ ಲೆಕ್ಕವನ್ನೇ. ಮನೆಯ ಊಟದ ಖರ್ಚನ್ನು ಅಂದಾಜಿಸುವಾಗ ಅಕ್ಕಿ, ಬೇಳೆ, ತರಕಾರಿ, ಎಣ್ಣೆ, ಅನಿಲ ಸಿಲಿಂಡರುಗಳ ಬೆಲೆ ಕೂಡಿಸುತ್ತಾರೆ. ಅಡುಗೆ ಮಾಡಿದವರ ಹೊತ್ತಿನ ಬೆಲೆ ಸೊನ್ನೆ. ಆ ಹೊತ್ತು ಎಷ್ಟು ಎಂಬುದಕ್ಕೆ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯೇ ಉತ್ತರಿಸುತ್ತದೆ. 2024ರ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾಳೆ. ಅದೇ ಕೆಲಸಕ್ಕೆ ಕೈಹಾಕುವ ಪುರುಷ 88 ನಿಮಿಷ. ಅಡುಗೆ ಇದರ ಒಂದು ಭಾಗವಷ್ಟೇ ಎಂಬುದು ನಿಜ. ಆದರೆ ಮೂರು ಹೊತ್ತೂ ತಪ್ಪದ ಭಾಗ.

ಈ ಶ್ರಮಕ್ಕೆ ಅಧಿಕೃತವಾಗಿ ಬೆಲೆ ಕಟ್ಟುವ ಒಂದು ಸ್ಥಳವಿದೆ, ಅದು ನ್ಯಾಯಾಲಯ. ಅದೂ ಗೃಹಿಣಿ ಅಪಘಾತದಲ್ಲಿ ತೀರಿಕೊಂಡ ನಂತರ. 1989ರ ಜಮ್‌ಶೆಡ್‌ಪುರ ಅಗ್ನಿ ದುರಂತದಲ್ಲಿ ಮಡಿದವರ ಪರಿಹಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ನಡುವಯಸ್ಸಿನ ಗೃಹಿಣಿಯ ಸೇವೆಯನ್ನು ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜಿಸಿತು. 2021ರ ಜನವರಿಯಲ್ಲಿ ದೆಹಲಿಯ ದಂಪತಿಗೆ ಸಂಬಂಧಿಸಿದ ಅಪಘಾತ ಪರಿಹಾರದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ, ಗೃಹಿಣಿಯರು ದುಡಿಯುವುದಿಲ್ಲ ಎಂಬ ಭಾವನೆಯೇ ತಪ್ಪೆಂದು ವಿವರವಾಗಿ ಬರೆದು, ಇದೇ ಸಮೀಕ್ಷೆಯ ಹಿಂದಿನ ಸುತ್ತಿನ ಅಂಕಿಗಳನ್ನು ಆಧಾರವಾಗಿ ಕೊಟ್ಟರು. ಬದುಕಿರುವಾಗ ಸಿಗದ ಲೆಕ್ಕ ವಿಮೆಯ ಕಡತದಲ್ಲಿ ಸಿಗುತ್ತದೆ. ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ಮಾಸಿಕ 2,000 ರೂಪಾಯಿ ನೀಡುತ್ತದೆಯಾದರೂ ಅದು ನೆರವು, ಕೂಲಿಯಲ್ಲ.

ಹೀಗಾಗಿ ಐಷಾರಾಮಿ ಹೋಟೆಲಿನ ಊಟ ದುಬಾರಿ, ಮನೆಯೂಟ ಅಗ್ಗ ಎಂಬ ಹೋಲಿಕೆ ಅರ್ಧ ಮಾತ್ರ ಸರಿ. ಮೊದಲನೆಯದರಲ್ಲಿ ಎಲ್ಲರ ಪಾಲೂ ಸೇರಿದೆ, ಕೆಲವರದು ಅತಿಯಾಗಿ. ಎರಡನೆಯದರಲ್ಲಿ ಮುಖ್ಯವಾದವರ ಪಾಲನ್ನೇ ಬಿಟ್ಟಿದೆ. ರುಚಿ, ಆರೋಗ್ಯಗಳ ವಾದ ಬೇರೆ. ಎಣ್ಣೆ, ಉಪ್ಪುಗಳ ಮೇಲೆ ಹಿಡಿತವಿರುವುದು ಮನೆಯಲ್ಲೇ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಆ ಹಿಡಿತವೂ ನಗರಗಳಲ್ಲಿ ಸಡಿಲವಾಗುತ್ತಿದೆ. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರವಾಸಿಗಳ ಒಟ್ಟು ಬಳಕೆ ವೆಚ್ಚದಲ್ಲಿ ಪಾನೀಯ, ಉಪಾಹಾರ ಮತ್ತು ಸಂಸ್ಕರಿಸಿದ ಆಹಾರದ ಪಾಲು ಶೇ 11.09. ಆಹಾರ ಪದಾರ್ಥಗಳ ಗುಂಪುಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಹಾಲನ್ನೂ ತರಕಾರಿಯನ್ನೂ ಅದು ಹಿಂದಿಕ್ಕಿದೆ. ಇತ್ತ ಮಹಿಳೆಯರ ಮನೆಗೆಲಸದ ಅವಧಿ 2019ರಲ್ಲಿದ್ದ 299 ನಿಮಿಷದಿಂದ ಹತ್ತು ನಿಮಿಷ ಇಳಿದಿದೆ. ಆ ಹತ್ತು ನಿಮಿಷವನ್ನು ಗಂಡಸರು ವಹಿಸಿಕೊಂಡರೆನ್ನಲಾಗದು. ಅವರದೂ 97ರಿಂದ 88ಕ್ಕೆ ಇಳಿದಿದೆ.

ಈ ನಡುವಿನ ಜಾಗದಲ್ಲಿ ಕುಳಿತಿರುವುದು ಅರೆಬೆಂದ ಪೊಟ್ಟಣದ ಆಹಾರ. ಅದರ ತೆರಿಗೆಯ ಕಥೆಯೂ ಬೆಂಗಳೂರಿನದೇ. ಪೊಟ್ಟಣದ ಪರೋಟ ತಿನ್ನುವ ಮೊದಲು ಬಿಸಿ ಮಾಡಬೇಕಾದುದರಿಂದ ಅದನ್ನು ರೊಟ್ಟಿಯ ಸಾಲಿಗೆ ಸೇರಿಸಲಾಗದು, ಶೇ 18 ತೆರಿಗೆ ಕಟ್ಟಬೇಕು ಎಂದು ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ 2020ರಲ್ಲಿ ಹೇಳಿ ದೇಶವ್ಯಾಪಿ ಚರ್ಚೆಗೆ ಕಾರಣವಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ಪರೋಟಕ್ಕೆ ತೆರಿಗೆಯಿಲ್ಲ. ತಾರಾ ಹೋಟೆಲಿನ ಮೇಜಿಗೆ ಬಂದ ಪರೋಟಕ್ಕೆ ಮಾತ್ರ ಶೇ 18 ಹಾಗೆಯೇ ಉಳಿಯಿತು. ಮನೆಯ ಕಾವಲಿಯ ಮೇಲೆ ಅದನ್ನು ಬಿಸಿ ಮಾಡುವವರ ಎರಡು ನಿಮಿಷ ಯಾವ ಪಟ್ಟಿಯಲ್ಲೂ ಇಲ್ಲ.