ಲಿಥಿಯಂ ಬ್ಯಾಟರಿ: ದರಕ್ಕಿಂತ ಬಾಳಿಕೆ ಮುಖ್ಯ

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಅಂಗಡಿ, ಕಾರ್ಖಾನೆಗಳ ಇನ್ವರ್ಟರುಗಳಿಗೆ ಸೀಸ-ಆಮ್ಲದ ಬ್ಯಾಟರಿಯನ್ನು ಬಿಟ್ಟು ಲಿಥಿಯಂ ಬ್ಯಾಟರಿಯನ್ನು ಕೊಳ್ಳುತ್ತಿದ್ದಾರೆ. ಇದು ಸ್ವಾಗತಾರ್ಹ. ಆದರೆ ಕೊಟೇಶನ್ನುಗಳಲ್ಲಿ ಸಾಮಾನ್ಯವಾಗಿ ದರ, ವೋಲ್ಟ್, ಆಂಪಿಯರ್-ಅವರ್ ಇಷ್ಟೇ ಇರುತ್ತವೆ. ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವ ಚಾರ್ಜಿಂಗ್ ಕ್ರಮ ಹಾಗೂ ಸೆಲ್‌ಗಳ ಸಮತೋಲನದ ಪ್ರಸ್ತಾಪವೇ ಇರುವುದಿಲ್ಲ. ಇವೆರಡೂ ಖರೀದಿ ಆದೇಶದ ಷರತ್ತುಗಳಾಗಬೇಕೆಂಬುದು ನನ್ನ ಅಭಿಪ್ರಾಯ.

ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.2, ಪೂರ್ಣ ಚಾರ್ಜ್ ಆದಾಗ 3.65. ಇಂಥ 16 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟಿನ ಪ್ಯಾಕ್ ಆಗುತ್ತದೆ. ಒಂದು ಸೆಲ್ ಮೊದಲೇ ತುಂಬಿದರೆ ಚಾರ್ಜಿಂಗ್ ಅಲ್ಲಿಗೇ ನಿಲ್ಲಬೇಕು. ಒಂದು ಮೊದಲೇ ಬರಿದಾದರೆ ಬಳಕೆ ಅಲ್ಲಿಗೇ ನಿಲ್ಲಬೇಕು. ಜೋಡೆತ್ತಿನಲ್ಲಿ ಒಂದು ಬಡಕಲಾದರೆ ಬಂಡಿಯ ನಡಿಗೆ ಅದರದೇ. 100 ಆಂಪಿಯರ್-ಅವರಿನ ಪ್ಯಾಕಿನಲ್ಲಿ ಒಂದೇ ಒಂದು ಸೆಲ್ 90ರದ್ದಾದರೆ ಇಡೀ ಪ್ಯಾಕ್ 90ರದ್ದಾಗುತ್ತದೆ. 16 ಸೆಲ್‌ಗಳಿಗೆ ಹಣ ತೆತ್ತು 14.4 ಸೆಲ್‌ಗಳ ಪ್ರಯೋಜನ ಪಡೆದಂತಾಯಿತು.

ಸೆಲ್‌ಗಳನ್ನು ಕಾಯುವುದು ಬಿ.ಎಂ.ಎಸ್. ಎಂಬ ನಿಯಂತ್ರಣ ಮಂಡಲ. ಸಾಮಾನ್ಯ ಬಿ.ಎಂ.ಎಸ್. ಮುಂದೆ ಹೋದ ಸೆಲ್ಲಿನ ಹೆಚ್ಚುವರಿ ವಿದ್ಯುತ್ತನ್ನು ರೆಸಿಸ್ಟರಿನ ಮೂಲಕ ಶಾಖವಾಗಿ ಕಳೆದು ಉಳಿದವುಗಳ ಸಮಕ್ಕೆ ತರುತ್ತದೆ. ಈ ಕಾರ್ಯ ಬಲು ನಿಧಾನ. ಒಂದು ಸೆಲ್ 5 ಆಂಪಿಯರ್-ಅವರ್ ಮುಂದಿದ್ದು, ಸಮತೋಲನದ ಕರೆಂಟ್ 100 ಮಿಲಿ ಆಂಪಿಯರ್ ಇದ್ದರೆ 50 ಗಂಟೆ ಬೇಕು. ಅಲ್ಲದೆ ಈ ಬಗೆಯ ಸೆಲ್ಲಿನ ವೋಲ್ಟೇಜ್ ನಡುವಿನ ಹಂತದಲ್ಲಿ ಹೆಚ್ಚುಕಡಿಮೆ ಒಂದೇ ಸಮನಾಗಿರುವುದರಿಂದ ವ್ಯತ್ಯಾಸ ಸ್ಪಷ್ಟವಾಗಿ ತೋರುವುದು ಚಾರ್ಜಿಂಗಿನ ಕೊನೆಯಲ್ಲಿ. ಸದಾ ಅರ್ಧಕ್ಕೇ ಪ್ಲಗ್ ಕೀಳುವವರ ಬ್ಯಾಟರಿಗೆ ಸಮತೋಲನದ ಅವಕಾಶವೇ ದೊರೆಯದು. ಆಗಾಗ್ಗೆ ಪೂರ್ತಿ ಚಾರ್ಜ್ ಮಾಡಿ ಒಂದೆರಡು ಗಂಟೆ ಹಾಗೆಯೇ ಬಿಡುವುದು ಅವಶ್ಯ. ಇಷ್ಟಾದರೂ ಸಾಮರ್ಥ್ಯವೇ ಕುಂದಿದ ಸೆಲ್ಲಿಗೆ ಇಂಥ ಬಿ.ಎಂ.ಎಸ್. ಮದ್ದಲ್ಲ. ಅದಕ್ಕೆ ಮೊದಲೇ ಸಮಾನ ಸಾಮರ್ಥ್ಯದ ಸೆಲ್‌ಗಳನ್ನು ಆರಿಸಿ ಜೋಡಿಸಬೇಕು.

ಇನ್ನು ಚಾರ್ಜರ್. ಹಳೆಯದು ಇದ್ದೇ ಇದೆಯಲ್ಲ ಎಂದು ಅದನ್ನೇ ಮುಂದುವರಿಸುವುದು ನಮ್ಮವರ ರೂಢಿ. ಮೇಲೆ ಹೇಳಿದ ಪ್ಯಾಕಿನ ಗರಿಷ್ಠ ಮಿತಿ 58.4 ವೋಲ್ಟ್. ಸೀಸ-ಆಮ್ಲದ ಕೆಲವು ಚಾರ್ಜರುಗಳು ಈಕ್ವಲೈಸ್ ಹಂತದಲ್ಲಿ ಅದನ್ನು ಮೀರುತ್ತವೆ. ಆಗ ಬಿ.ಎಂ.ಎಸ್. ಪದೇಪದೇ ಸಂಪರ್ಕ ಕಡಿಯಬೇಕಾಗುತ್ತದೆ. ಅದೂ ಕೈಕೊಟ್ಟರೆ ಹಾನಿ ಸೆಲ್‌ಗಳಿಗೆ.

ಲೆಕ್ಕಕ್ಕೆ ಬರೋಣ. ಉದಾಹರಣೆಗಾಗಿ, 80,000 ರೂಪಾಯಿಯ ಬ್ಯಾಟರಿ 5 ವರ್ಷ ಬಾಳಿದರೆ ವಾರ್ಷಿಕ ವೆಚ್ಚ 16,000. 1,00,000 ರೂಪಾಯಿಯದು 8 ವರ್ಷ ಬಾಳಿದರೆ 12,500. ಅಗ್ಗವೆಂದು ಕೊಂಡದ್ದೇ ದುಬಾರಿ! 2018ರ ಜುಲೈ 27ರಿಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಶೇ. 18 ಜಿ.ಎಸ್.ಟಿ. ಇದ್ದು, ಸೀಸ-ಆಮ್ಲದ್ದಕ್ಕೆ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 18. ತೆರಿಗೆಯ ಅಂತರ ಅಳಿದ ಮೇಲೆ ಹೋಲಿಕೆಗೆ ಉಳಿದದ್ದು ದರ ಮತ್ತು ಬಾಳಿಕೆ.

ವಿದ್ಯುತ್ ಸ್ಕೂಟರುಗಳ ಬೆಂಕಿ ಪ್ರಕರಣಗಳ ಬಳಿಕ ಕೇಂದ್ರ ಸರ್ಕಾರ ಎ.ಐ.ಎಸ್. 156 ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ 1 ಹಾಗೂ 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಅದು ದ್ವಿಚಕ್ರ, ತ್ರಿಚಕ್ರದಂಥ ವಾಹನಗಳಿಗೆ ಸಂಬಂಧಿಸಿದ್ದು. ಅಂಗಡಿಯ ಇನ್ವರ್ಟರ್ ಬ್ಯಾಟರಿಗೆ ಅನ್ವಯಿಸದು. ಅಲ್ಲಿ ಗ್ರಾಹಕನ ರಕ್ಷಣೆಗೆ ಅವನ ಖರೀದಿ ಆದೇಶವೇ ಆಧಾರ.

ಆದ್ದರಿಂದ ಆದೇಶದಲ್ಲಿ ನಾಲ್ಕು ಅಂಶಗಳಿರಲಿ: ಪ್ರತಿ ಸೆಲ್ಲಿನ ಸಾಮರ್ಥ್ಯ ಹಾಗೂ ಆಂತರಿಕ ರೋಧದ ಪರೀಕ್ಷಾ ವರದಿ, ಬಿ.ಎಂ.ಎಸ್.ನ ಸಮತೋಲನ ಕರೆಂಟ್. ಪ್ಯಾಕಿಗೆ ಹೊಂದುವ ಚಾರ್ಜರಿನ ಮಾದರಿ. ಉಳಿದ ಸಾಮರ್ಥ್ಯದ ಶೇಕಡಾವಾರು ಆಧರಿಸಿದ ವಾರಂಟಿ. ಪ್ಯಾಕ್ ಜೋಡಿಸುವ ನಮ್ಮ ಸಣ್ಣ ಉದ್ಯಮಿಗಳೂ ಇವನ್ನು ಕೇಳುವ ಮೊದಲೇ ಕೊಡಲಿ. ಪ್ರಾಮಾಣಿಕವಾಗಿ ಸೆಲ್ ಆರಿಸುವವನು ದರದ ಪೈಪೋಟಿಯಲ್ಲಿ ಸೋಲದಿರಲು ಇದೇ ದಾರಿ. ಈ ಅಂಶಗಳುಳ್ಳ ಮಾದರಿ ಖರೀದಿ ಆದೇಶವೊಂದನ್ನು ನಮ್ಮ ವಾಣಿಜ್ಯ ಮಂಡಳಿಯೇ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ದೊಡ್ಡ ಉಪಕಾರವಾದೀತು.