ಬಾಗಿದ ಕವಿಯನ್ನು ಬಿಟ್ಟುಕೊಡಬೇಕೆ?

“ಲ್ಯಾಂಗ್‌ಸ್ಟನ್ ಹ್ಯೂಸ್ ಕೊನೆಗೆ ಸರ್ಕಾರದ ಮುಂದೆ ತಲೆಬಾಗಿದವನಲ್ಲವೆ? ಅವನ ಪದ್ಯ ನಮಗೇಕೆ?” ಎಂದು ನಮ್ಮ ಅಧ್ಯಯನ ಕೂಟದಲ್ಲಿ ಸಂಗಾತಿಯೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ತೀರ್ಪು ಕೊಡುವ ಮೊದಲು ಆ ಮನುಷ್ಯನ ಬಾಳನ್ನು ನೋಡೋಣ.

ಹ್ಯೂಸ್ 1901ರಲ್ಲಿ ಅಮೆರಿಕದ ಮಿಸೌರಿ ಪ್ರಾಂತದಲ್ಲಿ ಹುಟ್ಟಿದ ಕರಿಯ. ಸಾಕಿದವಳು ಅಜ್ಜಿ. ಆಕೆಯ ಮೊದಲ ಗಂಡ 1859ರಲ್ಲಿ ಗುಲಾಮಗಿರಿಯ ವಿರುದ್ಧ ಜಾನ್ ಬ್ರೌನನ ಜೊತೆಗೂಡಿ ಹಾರ್ಪರ್ಸ್ ಫೆರಿಯಲ್ಲಿ ಬಂಡೆದ್ದು ಮಡಿದವನು. ಮೊಮ್ಮಗ ಆ ಕಥೆ ಕೇಳುತ್ತಲೇ ಬೆಳೆದ.

1925ರಲ್ಲಿ ಆತ ವಾಷಿಂಗ್ಟನ್ನಿನ ದೊಡ್ಡ ಹೋಟೆಲೊಂದರಲ್ಲಿ ಎಂಜಲು ತಟ್ಟೆ ಎತ್ತುತ್ತಿದ್ದ. ವೇಚಲ್ ಲಿಂಡ್ಸೆ ಎಂಬ ಹೆಸರಾಂತ ಬಿಳಿಯ ಕವಿ ಊಟಕ್ಕೆ ಬಂದಾಗ, ಮೂರು ಪದ್ಯಗಳನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟು ಹೆಚ್ಚು ಮಾತಾಡದೆ ಸರಿದುಹೋದ. ಲಿಂಡ್ಸೆ ಅಂದು ರಾತ್ರಿಯ ಸಭೆಯಲ್ಲಿ ಅವನ್ನು ಓದಿ ಹೊಗಳಿದ. ಬರೆದವನು ಕೇಳಲು ಹೋಗುವಂತಿರಲಿಲ್ಲ; ಆ ಸಭಾಂಗಣಕ್ಕೆ ಕರಿಯರಿಗೆ ಪ್ರವೇಶವಿರಲಿಲ್ಲ. ಬಿಳಿಯನು ಕವಿಯನ್ನು ‘ಕಂಡುಹಿಡಿದ’ ಎಂದು ಪತ್ರಿಕೆಗಳು ಬರೆದವು. ಆ ಹೊತ್ತಿಗಾಗಲೇ ಹ್ಯೂಸನ ಪದ್ಯಗಳು ಕರಿಯರ ಪತ್ರಿಕೆಗಳಲ್ಲಿ ಬೆಳಕು ಕಂಡಿದ್ದವು ಎಂಬುದನ್ನು ಯಾರು ವಿಚಾರಿಸುತ್ತಾರೆ!

1931ರಲ್ಲಿ ಅಲಬಾಮದಲ್ಲಿ ಒಂಬತ್ತು ಕರಿಯ ಹುಡುಗರ ಮೇಲೆ ಸುಳ್ಳು ಆರೋಪ ಹೊರಿಸಿದರು. ಹ್ಯೂಸ್ ಜೈಲಿಗೆ ಹೋಗಿ ಅವರನ್ನು ಕಂಡ, ಅವರ ಪರವಾಗಿ ನಾಟಕ ಬರೆದ. 1937ರಲ್ಲಿ ಫ್ರಾಂಕೋ ವಿರುದ್ಧದ ಹೋರಾಟದ ವರದಿ ಮಾಡಲು ಸ್ಪೇನಿಗೆ ಹೋದ. 1943ರಲ್ಲಿ ಗಾಂಧೀಜಿ ಉಪವಾಸ ಕೂತಾಗ ಅದರ ಮೇಲೂ ಪದ್ಯ ಕಟ್ಟಿದ. ಅದೇ ವರ್ಷ ಶಿಕಾಗೋದ ಪತ್ರಿಕೆಯೊಂದರಲ್ಲಿ ‘ಸಿಂಪಲ್’ ಎಂಬ ಹಾರ್ಲೆಮ್‌ನ ಶ್ರಮಜೀವಿಯ ಬಾಯಿಯಿಂದ ಹಾಸ್ಯದ ಮಾತಾಡಿಸತೊಡಗಿದ. ಭಾಷಣ ಬಿಗಿಯುವ ನಮ್ಮಂಥವರು ಕಲಿಯಬೇಕಾದ ವಿದ್ಯೆ ಅದು.

ಇನ್ನು ಆ ಬಾಗಿದ ಸಂಗತಿ. 1953ರ ಮಾರ್ಚಿಯಲ್ಲಿ ಮೆಕಾರ್ಥಿಯ ಸಮಿತಿ ಹ್ಯೂಸನನ್ನು ಕರೆಸಿತು. ತಾನು ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿರಲಿಲ್ಲ ಎಂದ. ಹಳೆಯ ಕ್ರಾಂತಿಯ ಪದ್ಯಗಳು ಈಗ ತನ್ನ ಅಭಿಪ್ರಾಯವಲ್ಲ ಎಂದೂ ಒಪ್ಪಿಕೊಂಡ. 1959ರ ಆಯ್ದ ಕವಿತೆಗಳ ಸಂಪುಟದಲ್ಲಿ ಅವುಗಳನ್ನು ಬಿಟ್ಟ. ಇದು ತಪ್ಪೆಂದೇ ನಮ್ಮ ಅಭಿಪ್ರಾಯ, ಮುಚ್ಚಿಡುವುದಿಲ್ಲ. ಗಾಯಕ ಪಾಲ್ ರೋಬ್‌ಸನ್ ಬಾಗಲಿಲ್ಲ, 1950ರಿಂದ 1958ರವರೆಗೆ ಪಾಸ್‌ಪೋರ್ಟ್ ಇಲ್ಲದೆ ಕೂತ. ಆದರೆ ಹ್ಯೂಸ್ ಒಬ್ಬ ಸಂಗಾತಿಯ ಹೆಸರನ್ನೂ ಸಮಿತಿಗೆ ಒಪ್ಪಿಸಲಿಲ್ಲ. ಬರವಣಿಗೆಯೊಂದನ್ನೇ ನಂಬಿ ಬದುಕುತ್ತಿದ್ದ ಕರಿಯನಿಗೆ ಆಗ ಎಷ್ಟು ದಾರಿಗಳಿದ್ದವು? ಬೆದರಿಸಿದವರನ್ನು ಬಿಟ್ಟು ಬೆದರಿದವನನ್ನೇ ಮೊದಲು ಬಯ್ಯುವುದು ನಮ್ಮಲ್ಲಿ ಕೆಲವರಿಗೆ ಅಭ್ಯಾಸವಾಗಿಬಿಟ್ಟಿದೆ.

1964ರ ಮೇ ತಿಂಗಳಲ್ಲಿ ಮಿಸಿಸಿಪ್ಪಿಯ ಜಾಕ್ಸನ್ನಿನಲ್ಲಿ ಬಿಳಿಯರ ಉಪಾಹಾರಗೃಹವೊಂದು ನಮ್ಮ ಲೋಹಿಯಾರನ್ನು ಒಳಗೆ ಬಿಡಲಿಲ್ಲ. ಪೊಲೀಸರು ಹಿಡಿದೊಯ್ದು ಆಮೇಲೆ ಬಿಟ್ಟರು. ಅವರಿಗೆ ಒಂದು ದಿನದ ಅನುಭವವಾದದ್ದು ಹ್ಯೂಸನಿಗೆ ಹುಟ್ಟಿದಂದಿನಿಂದ ಇತ್ತು.

ಆತ 1967ರಲ್ಲಿ ತೀರಿಕೊಂಡ. ಕೈಬಿಟ್ಟಿದ್ದ ಪದ್ಯಗಳು 1973ರಲ್ಲಿ ಬೇರೆ ಪುಸ್ತಕವಾಗಿ ಬಂದವು. ಬರುವ ಭಾನುವಾರದ ಕೂಟದಲ್ಲಿ ಅವನ್ನೇ ಓದುತ್ತೇವೆ. ಪ್ರಶ್ನೆ ಕೇಳಿದ ಸಂಗಾತಿಯೂ ತಪ್ಪದೆ ಬರಲಿ.