ಮೂರೆಳೆಯ ಹುರಿ

ಶರಣ ನುಲಿಯ ಚಂದಯ್ಯನವರ ಕಾಯಕವನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು, ಅದನ್ನು ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸಿದವರು ಅವರು. ಹಗ್ಗ ಹೊಸೆಯುವವರೆಲ್ಲ ಬಲ್ಲ ಒಂದು ಮರ್ಮವಿದೆ. ಬಿಡಿ ಎಳೆಗಳನ್ನು ಒಂದು ದಿಕ್ಕಿಗೆ ಹೊಸೆದು, ಅವನ್ನು ಕೂಡಿಸುವಾಗ ಎದುರು ದಿಕ್ಕಿಗೆ ಹುರಿ ಮಾಡಬೇಕು. ಆಗ ಹಗ್ಗ ತಾನಾಗಿ ಬಿಚ್ಚಿಕೊಳ್ಳದು. ನಮ್ಮ ದೇಹದೊಳಗೂ ಇದೇ ಕ್ರಮದ ಹುರಿಯೊಂದಿದೆ.

ಅದರ ಹೆಸರು ಕೊಲಾಜೆನ್. ಎಲುಬು, ಚರ್ಮ, ರಕ್ತನಾಳದ ಗೋಡೆ ಎಲ್ಲೆಲ್ಲಿಯೂ ಇರುವ ಈ ಪ್ರೋಟೀನು ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲುಭಾಗಕ್ಕೆ ಕಡಿಮೆಯಿಲ್ಲ. ಒಂದೊಂದು ಎಳೆಯಲ್ಲಿಯೂ ಸುಮಾರು 1,000 ಅಮೈನೊ ಆಮ್ಲಗಳು ಮಣಿಗಳಂತೆ ಪೋಣಿಸಲ್ಪಟ್ಟಿವೆ. ಎಳೆ ಎಡಸುರುಳಿ, ಮೂರು ಎಳೆ ಕೂಡಿದ ಹುರಿ ಬಲಸುರುಳಿ. ಪ್ರತಿ ಮೂರನೆಯ ಮಣಿ ಗ್ಲೈಸೀನ್ ಆಗಿರಲೇಬೇಕು. ಅಮೈನೊ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು ಅದು. ಹುರಿಯ ನಡುವಣ ಇಕ್ಕಟ್ಟಿನಲ್ಲಿ ಬೇರೆಯದಕ್ಕೆ ಎಡೆಯಿಲ್ಲ. ಇದನ್ನು ಬಹಳ ಹೊತ್ತು ಕುದಿಸಿದರೆ ಹುರಿ ಬಿಚ್ಚಿ ಜೆಲಾಟಿನ್ ಆಗುತ್ತದೆ. ಔಷಧದ ಕ್ಯಾಪ್ಸೂಲುಗಳ ಹೊದಿಕೆ ಬಹುಮಟ್ಟಿಗೆ ಪ್ರಾಣಿಮೂಲದ ಆ ಜೆಲಾಟಿನ್ನೇ ಎಂಬುದನ್ನು ಶಾಕಾಹಾರಿ ಮನೆಗಳವರು ತಿಳಿದಿರುವುದು ಲೇಸು. ಸಸ್ಯಮೂಲದ ಹೊದಿಕೆಗಳೂ ಈಗ ದೊರೆಯುತ್ತವೆ.

ಈ ರಚನೆಯನ್ನು ಸೂಚಿಸಿದ ಶ್ರೇಯಸ್ಸು ಜಿ. ಎನ್. ರಾಮಚಂದ್ರನ್ನರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಅವರು, ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ ಗೋಪಿನಾಥ ಕರ್ತಾ ಅವರೊಡಗೂಡಿ 1954ರಲ್ಲಿ ಮೂರೆಳೆಯ ಮಾದರಿಯನ್ನು ಪ್ರಕಟಿಸಿದರು. ಪರಮಾಣುಗಳು ಕೆಲವೆಡೆ ಇರಬೇಕಾದುದಕ್ಕಿಂತ ಹತ್ತಿರವಾಗಿವೆಯೆಂದು ಕ್ರಿಕ್ ಮತ್ತು ರಿಚ್ ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಹಾಗಾದರೆ ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು? ಆ ಪ್ರಶ್ನೆಯ ಬೆನ್ನು ಹತ್ತಿ, ರಾಮಕೃಷ್ಣನ್ ಹಾಗೂ ಶಶಿಶೇಖರನ್ ಅವರೊಡನೆ 1963ರಲ್ಲಿ ಅವರು ಹೊರತಂದ ನಕಾಶೆ ಪ್ರೋಟೀನುಗಳ ಅಧ್ಯಯನಕ್ಕೆ ಇಂದಿಗೂ ಒರೆಗಲ್ಲಾಗಿದೆ. 1971ರಲ್ಲಿ ಅವರು ಬೆಂಗಳೂರಿನ ಸಂಸ್ಥೆಗೇ ಮರಳಿ ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು.

ಸುರುಳಿ ಜೀವಿಗಳ ಸ್ವತ್ತೇನೂ ಅಲ್ಲ. ಪ್ಲಾಸ್ಟಿಕ್ ಕುರ್ಚಿಗಳಿಗೆ ಬಳಸುವ ಪಾಲಿಪ್ರೊಪಿಲೀನಿನ ಸರಪಣಿಯೂ ಮೂರು ಘಟಕಗಳಿಗೊಮ್ಮೆ ಒಂದು ಸುತ್ತು ಬರುತ್ತದೆ. ನಿಸರ್ಗದಲ್ಲಿ ಪ್ರೋಟೀನು ಕಟ್ಟಲು ಬಳಕೆಯಾಗದ ಬೀಟಾ ಅಮೈನೊ ಆಮ್ಲಗಳನ್ನು ಪೋಣಿಸಿದರೂ ಸರ ತಾನಾಗಿಯೇ ಸುರುಳಿಯಾಗುವುದೆಂದು 1996ರಲ್ಲಿ ಜ್ಯೂರಿಕ್ಕಿನ ಸೀಬಾಖ್ ಮತ್ತು ಅಮೆರಿಕದ ಗೆಲ್ಮನ್ ಬೇರೆಬೇರೆಯಾಗಿ ತೋರಿಸಿದರು. ಇಂಥವನ್ನು ದೇಹದ ಕಿಣ್ವಗಳು ಸುಲಭವಾಗಿ ತುಂಡರಿಸಲಾರವಾದುದರಿಂದ ಔಷಧ ಸಂಶೋಧಕರಿಗೆ ಇವುಗಳಲ್ಲಿ ಆಸಕ್ತಿ.

ನಮ್ಮ ಅಡಿಗೆಮನೆಗೆ ಬರೋಣ. ಹುರಿ ಬಿಗಿಯಾಗಿ ನಿಲ್ಲಲು ಅದರ ಪ್ರೋಲೀನ್ ಮಣಿಗಳಿಗೆ ಆಮ್ಲಜನಕದ ಒಂದು ಪರಮಾಣು ಸೇರಬೇಕು; ಆ ಕೆಲಸಕ್ಕೆ ಸಿ ಜೀವಸತ್ವ ಬೇಕು. ಅದಿಲ್ಲದೆ ಕಟ್ಟಿದ ಹುರಿ ಮೈಯ ಬಿಸಿಗೇ ಸಡಿಲವಾಗುತ್ತದೆ. ಒಸಡಿನಲ್ಲಿ ರಕ್ತ ಒಸರುವ, ಗಾಯ ಮಾಯದ ಸ್ಕರ್ವಿ ರೋಗದ ಮೂಲ ಇದೇ. ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣು ಇದ್ದ ಮನೆಗೆ ಆ ಭಯವಿಲ್ಲ.

ಆದರೆ ಹಣ್ಣಿನಿಂದ ನೀಗದ ಕೊರತೆಯೂ ಒಂದುಂಟು. ಸಾವಿರ ಮಣಿಗಳಲ್ಲಿ ಒಂದೇ ಒಂದು ಗ್ಲೈಸೀನಿನ ಜಾಗದಲ್ಲಿ ಬೇರೊಂದು ಬಂದು ಕುಳಿತರೆ ಹುರಿ ಅಲ್ಲಿ ತೊಡಕುತ್ತದೆ, ಮಗುವಿನ ಎಲುಬು ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಎತ್ತಿಕೊಂಡರೆ ಮುರಿದೀತೆಂಬ ಭಯದಲ್ಲಿ ಹೆತ್ತವಳು ದಿನ ನೂಕುತ್ತಿರುವಾಗ, ಗರ್ಭಿಣಿಯಿದ್ದಾಗ ಗ್ರಹಣ ಕಂಡಳು, ಯಾರದೋ ಶಾಪ ತಟ್ಟಿತು ಎಂದು ನುಡಿಯುವವರನ್ನು ನಾವು ನಮ್ಮ ಬಂಧುಗಳಲ್ಲಿಯೇ ಕೇಳಿದ್ದೇವೆ. ಪಂಚಸೂತಕಗಳನ್ನು ತೊರೆದ ಶರಣರ ಹೆಸರು ಹೇಳುವ ಮನೆಗಳಿಗೆ ಈ ಮಾತು ಒಪ್ಪುವುದಿಲ್ಲ. ಆ ಬದಲಾವಣೆ ಎಷ್ಟೋ ಸಲ ತಂದೆತಾಯಿಗಳಲ್ಲಿ ಇಲ್ಲದೆ ಮಗುವಿನಲ್ಲಿಯೇ ಹೊಸದಾಗಿ ಆದುದು. ಬುಡಸಹಿತ ಕೀಳುವ ಮದ್ದಿಲ್ಲ. ಎಲುಬನ್ನು ಗಟ್ಟಿಮಾಡುವ ಬಿಸ್ಫಾಸ್ಫೊನೇಟ್ ಔಷಧಗಳು, ತಕ್ಕ ವ್ಯಾಯಾಮ, ಬೇಕಾದಲ್ಲಿ ಎಲುಬಿನೊಳಗೆ ಕಂಬಿ ಕೂರಿಸುವ ಶಸ್ತ್ರಚಿಕಿತ್ಸೆ ಇವೆ. ಅಪರೂಪದ ಕೆಲವು ಬಗೆಗಳಲ್ಲಿ ಮಾತ್ರ ದೋಷ ತಂದೆ, ತಾಯಿ ಇಬ್ಬರಿಂದಲೂ ಬರುತ್ತದೆ. ಸೋದರಮಾವ, ಅತ್ತೆಮಕ್ಕಳ ನಡುವಣ ಮದುವೆಗಳಲ್ಲಿ ಅದಕ್ಕೆ ಅವಕಾಶ ಹೆಚ್ಚು. ಇಂಥ ಮಗುವಿರುವ ಮನೆಯವರು ಮತ್ತೊಂದು ಮಗುವನ್ನು ಬಯಸುವ ಮುನ್ನ, ಸಂಬಂಧದಲ್ಲಿಯೇ ಹೆಣ್ಣು ನೋಡುವ ಮುನ್ನ, ಆನುವಂಶಿಕ ರೋಗಗಳ ತಜ್ಞರನ್ನು ಕಾಣಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಅವರಿದ್ದಾರೆ.